ಸ್ವಪ್ರೇರಿತ ಸಾಕ್ಷ್ಯ ಛಾಯಾಗ್ರಹಣ: ಪೋಷಣೆ, ಪ್ರದರ್ಶನ ಮತ್ತು ಋಣದ ಪ್ರಶ್ನೆ

ಛಾಯಾಚಿತ್ರಗಳು ಹುಟ್ಟುವ ಸಂದರ್ಭಗಳು ಹಲವು. ಸ್ಟುಡಿಯೋದಲ್ಲಿ ಹಣ ಕೊಟ್ಟು ತೆಗೆಸಿಕೊಂಡ ಚಿತ್ರಕ್ಕೆ ತೆಗೆಸಿಕೊಂಡವರೇ ಒಡೆಯರು. ಪತ್ರಿಕೆಗಾಗಿ ತೆಗೆದ ಚಿತ್ರಕ್ಕೆ ಸಂಪಾದಕರ ಅಗತ್ಯವೇ ಅಳತೆಗೋಲು. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ. ಒಂದು ಊರನ್ನೋ ಒಂದು ಕಸುಬನ್ನೋ ಒಬ್ಬ ವ್ಯಕ್ತಿಯನ್ನೋ, ಯಾರೂ ಕೇಳದಿದ್ದರೂ ವರ್ಷಾನುಗಟ್ಟಲೆ ಹಿಂಬಾಲಿಸಿ ಛಾಯಾಗ್ರಾಹಕರು ತಾವಾಗಿಯೇ ಕಟ್ಟುವ ಚಿತ್ರಸಮುಚ್ಚಯವದು. ಅದನ್ನು ಪ್ರಸ್ತುತ ಲೇಖನದಲ್ಲಿ ‘ಸ್ವಪ್ರೇರಿತ ಸಾಕ್ಷ್ಯ ಛಾಯಾಗ್ರಹಣ’ ಎಂದು ಕರೆಯಲಾಗಿದೆ. ಛಾಯಾಗ್ರಾಹಕರ ಖಾಸಗಿ ಬದುಕಿನ ಚಿತ್ರಗಳು ಎಂಬುದು ಈ ಮಾತಿನ ಅರ್ಥವಲ್ಲ. ವಿಷಯದ ಆಯ್ಕೆ, ಕಾಲದ ಅಳತೆ, ಮುಕ್ತಾಯದ ತೀರ್ಮಾನ ಈ ಮೂರೂ ಅವರ ಕೈಯಲ್ಲಿಯೇ ಉಳಿಯುತ್ತವೆ ಎಂಬುದಷ್ಟೇ ಇಲ್ಲಿನ ವಿವಕ್ಷೆ.

ಇಂತಹ ಕೆಲಸಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು ಪೋಷಣೆಯ ತೊಡಕು. ಕವಿ ದಿನದ ದುಡಿಮೆ ಮುಗಿಸಿ ರಾತ್ರಿ ಮನೆಯಲ್ಲಿ ಕುಳಿತು ಬರೆಯಬಹುದು. ಕಂಡದ್ದನ್ನು ಹತ್ತು ವರ್ಷಗಳ ನಂತರ ನೆನಪಿನಿಂದ ಕಟ್ಟಬಹುದು. ಛಾಯಾಗ್ರಹಣಕ್ಕೆ ಆ ಅನುಕೂಲವಿಲ್ಲ. ಘಟನೆ ನಡೆಯುವಲ್ಲಿ, ನಡೆಯುವಾಗ, ಶರೀರಸಹಿತ ಹಾಜರಿರದೆ ಚಿತ್ರವಿಲ್ಲ. ಆದುದರಿಂದ ಇಲ್ಲಿ ಪೋಷಣೆ ಎಂದರೆ ಕ್ಯಾಮೆರಾ ಮತ್ತು ಫಿಲ್ಮಿನ ಬೆಲೆಯಷ್ಟೇ ಅಲ್ಲ, ಮುಖ್ಯವಾಗಿ ಇನ್ನೊಬ್ಬರ ನಡುವೆ ಕಳೆಯಬಹುದಾದ ಕಾಲ. ಎರಡನೆಯದು ಪ್ರದರ್ಶನದ ತೊಡಕು. ಪತ್ರಿಕೆಯ ಚಿತ್ರಕ್ಕೆ ಮರುದಿನದ ಪುಟ ಸಿದ್ಧವಿರುತ್ತದೆ; ಸ್ವಪ್ರೇರಿತ ಕೆಲಸಕ್ಕೆ ಗೊತ್ತಾದ ಜಾಗವೆಂಬುದಿಲ್ಲ. ಅದು ಗ್ಯಾಲರಿಯ ಗೋಡೆಗೆ ಹೋಗಬೇಕೋ, ಪುಸ್ತಕವಾಗಬೇಕೋ, ಊರ ಚಾವಡಿಗೆ ಬರಬೇಕೋ ಎಂಬುದನ್ನು ಪ್ರತಿಸಲವೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ.

ಈ ಎರಡು ತೊಡಕುಗಳನ್ನು ಸಾಮಾನ್ಯವಾಗಿ ಹಣ ಮತ್ತು ಸ್ಥಳದ ಸಮಸ್ಯೆಗಳೆಂದು ಭಾವಿಸಲಾಗುತ್ತದೆ. ಅವು ಅದಕ್ಕಿಂತ ಆಳವಾದವು. ಕಾಲವನ್ನು ಕೊಟ್ಟವರು ಯಾರು, ಚಿತ್ರವನ್ನು ನೋಡುವವರು ಯಾರು ಎಂಬೆರಡು ಪ್ರಶ್ನೆಗಳ ನಡುವೆ ಚಿತ್ರದಲ್ಲಿರುವವರ ಸ್ಥಾನವೇನು ಎಂಬ ಮೂರನೆಯ ಪ್ರಶ್ನೆ ಅಡಗಿದೆ. ಪೋಷಕ ಸಂಸ್ಥೆಗೂ ಪ್ರೇಕ್ಷಕ ವರ್ಗಕ್ಕೂ ಉತ್ತರ ಕೊಡುವ ವ್ಯವಸ್ಥೆ ಇದೆ. ಚಿತ್ರದಲ್ಲಿರುವವರಿಗೆ ಉತ್ತರ ಕೊಡುವ ವ್ಯವಸ್ಥೆ ತಾನಾಗಿ ಒದಗುವುದಿಲ್ಲ, ಅದನ್ನು ಕಟ್ಟಬೇಕಾಗುತ್ತದೆ. ಕೆಲವು ಪ್ರಸಿದ್ಧ ನಿದರ್ಶನಗಳ ಮೂಲಕ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಪ್ರಭುತ್ವದ ಪೋಷಣೆ

ಸಾಕ್ಷ್ಯ ಛಾಯಾಗ್ರಹಣಕ್ಕೆ ಪ್ರಭುತ್ವವು ದೊಡ್ಡ ಪ್ರಮಾಣದಲ್ಲಿ ಹಣ ತೊಡಗಿಸಿದ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಲ್ಲಿ, ಗ್ರಾಮೀಣ ಪುನರ್ವಸತಿಗಾಗಿ ಸ್ಥಾಪನೆಯಾದ ಸರ್ಕಾರಿ ಇಲಾಖೆಯೊಂದು ಛಾಯಾಗ್ರಹಣ ಶಾಖೆಯನ್ನು ತೆರೆಯಿತು. 1937ರಲ್ಲಿ ಆ ಇಲಾಖೆ ‘ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಶನ್’ ಎಂಬ ಹೆಸರು ಪಡೆಯಿತು. ಶಾಖೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್. ವಾಕರ್ ಇವಾನ್ಸ್, ಡೊರೋಥಿಯಾ ಲ್ಯಾಂಗ್, ಆರ್ಥರ್ ರೋಥ್‌ಸ್ಟೀನ್, ಗಾರ್ಡನ್ ಪಾರ್ಕ್ಸ್ ಮೊದಲಾದವರು ಅವನ ಕೈಕೆಳಗೆ ದುಡಿದರು. ಆ ಶಾಖೆಯ ಹಾಗೂ ಅದರ ಮುಂದುವರಿಕೆಯಾದ ಯುದ್ಧಕಾಲದ ಇಲಾಖೆಯ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳು ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಸಾರ್ವಜನಿಕ ಹಣದಿಂದ ಹುಟ್ಟಿದ ಅವು ಸಾರ್ವಜನಿಕರ ಸ್ವತ್ತಾಗಿಯೇ ಉಳಿದಿವೆ. ಪ್ರಭುತ್ವದ ಪೋಷಣೆಯ ಬಹುದೊಡ್ಡ ಲಾಭವಿದು.

ಆದರೆ ಈ ಪೋಷಣೆಗೆ ಬೆಲೆಯೂ ಇತ್ತು. ಯಾವ ಪ್ರದೇಶದಲ್ಲಿ ಏನನ್ನು ಚಿತ್ರಿಸಬೇಕೆಂಬ ಪಟ್ಟಿಗಳನ್ನು ಸ್ಟ್ರೈಕರ್ ಕಳಿಸುತ್ತಿದ್ದ. ತನಗೆ ಒಪ್ಪಿಗೆಯಾಗದ ನೆಗೆಟಿವ್‌ಗಳಿಗೆ ತೂತು ಹೊಡೆಯುವ ಪದ್ಧತಿಯನ್ನು ಆರಂಭದ ವರ್ಷಗಳಲ್ಲಿ ಇಟ್ಟುಕೊಂಡಿದ್ದ. ಆ ನೆಗೆಟಿವ್‌ಗಳನ್ನು ಈಗ ಮುದ್ರಿಸಿದರೆ ಮನುಷ್ಯರ ಮುಖದ ಮೇಲೋ ಹೊಲದ ನಡುವೆಯೋ ಕಪ್ಪು ವೃತ್ತವೊಂದು ಕಾಣುತ್ತದೆ. ಪೋಷಕನ ಅಧಿಕಾರದ ಗುರುತು ಚಿತ್ರದ ಮೈಮೇಲೆಯೇ ಉಳಿದ ಅಪರೂಪದ ಪ್ರಸಂಗ ಇದು.

ಈ ಸಂಗ್ರಹದ ಅತ್ಯಂತ ಪ್ರಸಿದ್ಧ ಚಿತ್ರವಾದ ‘ವಲಸೆ ತಾಯಿ’ ಹುಟ್ಟಿದ್ದು ಪಟ್ಟಿಯ ಹೊರಗೆ ಎಂಬುದು ಗಮನಾರ್ಹ. 1936ರ ಮಾರ್ಚ್ ತಿಂಗಳಲ್ಲಿ ಲ್ಯಾಂಗ್ ವಹಿಸಿದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಳು. ಕ್ಯಾಲಿಫೋರ್ನಿಯಾದ ನಿಪೋಮೋ ಬಳಿ ಬಟಾಣಿ ಬಿಡಿಸುವ ಕೂಲಿಗಳ ಶಿಬಿರದ ಫಲಕವನ್ನು ಕಂಡು ದಾಟಿ ಹೋದವಳು ಇಪ್ಪತ್ತು ಮೈಲಿಗಳಷ್ಟು ಮುಂದೆ ಹೋದ ಮೇಲೆ ಕಾರು ತಿರುಗಿಸಿ ವಾಪಸು ಬಂದಳು. ಸಂಬಳದ ಕೆಲಸ ಮುಗಿದ ಮೇಲೆ ಒಳಗಿನ ಒತ್ತಾಯಕ್ಕೆ ತೆಗೆದ ಚಿತ್ರವದು. ಚಿತ್ರ ಪತ್ರಿಕೆಯಲ್ಲಿ ಪ್ರಕಟವಾದಾಗ ಶಿಬಿರಕ್ಕೆ ಆಹಾರ ಬಂತು. ಅಷ್ಟರಲ್ಲಿ ಚಿತ್ರದಲ್ಲಿದ್ದ ತಾಯಿ ಮತ್ತು ಮಕ್ಕಳು ಅಲ್ಲಿಂದ ಹೊರಟುಹೋಗಿದ್ದರು. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಚಿತ್ರ ತೆಗೆದ 42 ವರ್ಷಗಳ ತರುವಾಯ. ಆ ಚಿತ್ರದಿಂದ ತನಗೇನೂ ದಕ್ಕಲಿಲ್ಲವೆಂಬ ಬೇಸರವನ್ನು ಆಕೆ ಆಗ ತೋಡಿಕೊಂಡಳು. ಪ್ರಭುತ್ವದ ಕಡತಕ್ಕೆ ‘ವಲಸೆ ಕಾರ್ಮಿಕಳು’ ಎಂಬ ವರ್ಗ ಬೇಕಿತ್ತು, ಹೆಸರು ಬೇಕಿರಲಿಲ್ಲ. ವ್ಯಕ್ತಿಯನ್ನು ಮಾದರಿಯಾಗಿಸುವ ಈ ಕ್ರಮ ಪೋಷಣೆಯ ಸ್ವರೂಪದಲ್ಲಿಯೇ ಇತ್ತು.

2. ಷರತ್ತಿಲ್ಲದ ಕಾಲ

ಪ್ರಭುತ್ವದ ಪೋಷಣೆಗೆ ಪರ್ಯಾಯವಾಗಿ ಬಂದದ್ದು ಖಾಸಗಿ ಪ್ರತಿಷ್ಠಾನಗಳ ಫೆಲೋಶಿಪ್. ಅಮೆರಿಕದ ಗುಗೆನ್‌ಹೈಮ್ ಪ್ರತಿಷ್ಠಾನ 1937ರಲ್ಲಿ ಮೊದಲ ಬಾರಿಗೆ ಛಾಯಾಗ್ರಾಹಕನೊಬ್ಬನಿಗೆ, ಎಡ್ವರ್ಡ್ ವೆಸ್ಟನ್‌ಗೆ, ಫೆಲೋಶಿಪ್ ನೀಡಿತು. ಕವಿಗೂ ವಿಜ್ಞಾನಿಗೂ ಸಲ್ಲುತ್ತಿದ್ದ ಕಾಲದ ಕೊಡುಗೆ ಛಾಯಾಗ್ರಾಹಕನಿಗೂ ಸಂದಿತೆಂಬುದು ಆ ಮಾಧ್ಯಮಕ್ಕೆ ದೊರೆತ ಮಾನ್ಯತೆಯೂ ಹೌದು.

ಇದರ ಫಲ ಎಷ್ಟು ಅನಿರೀಕ್ಷಿತವಾಗಿರಬಹುದು ಎಂಬುದಕ್ಕೆ ರಾಬರ್ಟ್ ಫ್ರಾಂಕ್ ನಿದರ್ಶನ. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಈತನಿಗೆ 1955ರಲ್ಲಿ ಫೆಲೋಶಿಪ್ ದೊರೆಯಿತು, ಮರುವರ್ಷ ನವೀಕರಣವೂ ಆಯಿತು. ಹಳೆಯ ಕಾರಿನಲ್ಲಿ ದೇಶ ಸುತ್ತಿ ಅವನು ತೆಗೆದ ಚಿತ್ರಗಳು ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು. ಪುಸ್ತಕಕ್ಕೆ ಆಯ್ದುಕೊಂಡದ್ದು 83 ಮಾತ್ರ. ‘ದಿ ಅಮೆರಿಕನ್ಸ್’ ಎಂದು ಪ್ರಸಿದ್ಧವಾದ ಆ ಪುಸ್ತಕವನ್ನು ಮೊದಲು, 1958ರಲ್ಲಿ, ಪ್ರಕಟಿಸಿದ್ದು ಪ್ಯಾರಿಸ್ಸಿನ ಪ್ರಕಾಶಕ ರಾಬರ್ಟ್ ಡೆಲ್ಪೀರ್. ಅಮೆರಿಕದ ಆವೃತ್ತಿ ಬಂದದ್ದು ಮರುವರ್ಷ. ಅದಕ್ಕೆ ದೊರೆತ ಮೊದಲ ವಿಮರ್ಶೆಗಳು ಬಹಳ ಕಟುವಾಗಿದ್ದವು. ದೇಶವನ್ನು ಹೊಗಳುವ ಚಿತ್ರಗಳನ್ನು ಕೇಳಿ ಹಣ ಕೊಟ್ಟಿದ್ದರೆ ಈ ಪುಸ್ತಕ ಹುಟ್ಟುತ್ತಿರಲಿಲ್ಲ. ಮುಂದೆ ಶಾಲಾ ಕಾಲೇಜುಗಳ ಪಠ್ಯವಾಗುವಷ್ಟು ಮಾನ್ಯವಾದ ಕೃತಿ ತನ್ನ ಕಾಲದಲ್ಲಿ ತಿರಸ್ಕೃತವಾಗಿತ್ತು ಎಂಬುದು ಪೋಷಕರು ಮನಗಾಣಬೇಕಾದ ಸಂಗತಿ. ತಕ್ಷಣದ ಮೆಚ್ಚುಗೆಯನ್ನು ಅಳತೆಯಾಗಿಟ್ಟುಕೊಂಡ ಪೋಷಣೆ ಇಂತಹ ಕೃತಿಯನ್ನು ಉಳಿಸಲಾರದು.

ಷರತ್ತಿಲ್ಲದ ಕಾಲ ಯಾವಾಗಲೂ ವರವೇ ಆಗುತ್ತದೆ ಎನ್ನಲಾಗದು. ‘ಲೈಫ್’ ಪತ್ರಿಕೆಯ ಹೆಸರಾಂತ ಛಾಯಾಗ್ರಾಹಕ ಡಬ್ಲ್ಯು. ಯೂಜೀನ್ ಸ್ಮಿತ್, ತನ್ನ ಚಿತ್ರಗಳ ಬಳಕೆಯ ಬಗ್ಗೆ ಸಂಪಾದಕರೊಡನೆ ಜಗಳವಾಡಿ ಆ ಕೆಲಸವನ್ನು ಬಿಟ್ಟ. 1955ರಲ್ಲಿ ಪಿಟ್ಸ್‌ಬರ್ಗ್ ನಗರವನ್ನು ಕುರಿತ ಪುಸ್ತಕವೊಂದಕ್ಕೆ ನೂರು ಚಿತ್ರಗಳನ್ನು ಮೂರು ವಾರಗಳಲ್ಲಿ ತೆಗೆದುಕೊಡುವ ಕೆಲಸ ಅವನಿಗೆ ಸಿಕ್ಕಿತು. ಆತ ಸುಮಾರು ಹದಿನೇಳು ಸಾವಿರ ನೆಗೆಟಿವ್‌ಗಳನ್ನು ಮಾಡಿದ. ಉಕ್ಕಿನ ನಗರವೊಂದರ ಮಹಾಕಾವ್ಯವನ್ನು ಕಟ್ಟುವ ಹಂಬಲ ಅವನನ್ನು ಹಿಡಿದಿತ್ತು. ಗುಗೆನ್‌ಹೈಮ್ ಫೆಲೋಶಿಪ್ ದೊರೆತರೂ ಕೆಲಸ ಮುಗಿಯಲಿಲ್ಲ. ಪುಟಗಳ ವಿನ್ಯಾಸದ ಅಧಿಕಾರ ತನಗೇ ಇರಬೇಕೆಂಬ ಹಟದಿಂದ ದೊಡ್ಡ ಪತ್ರಿಕೆಗಳೊಡನೆ ನಡೆದ ಮಾತುಕತೆ ಮುರಿದುಬಿತ್ತು. ಕೊನೆಗೆ 1959ರ ಛಾಯಾಗ್ರಹಣ ವಾರ್ಷಿಕವೊಂದರಲ್ಲಿ 88 ಚಿತ್ರಗಳು ಪ್ರಕಟವಾದವು. ಅದನ್ನು ಸ್ಮಿತ್ ತನ್ನ ಸೋಲೆಂದೇ ಬಗೆದ. ಸಂಪಾದಕನ ಕತ್ತರಿಯಿಂದ ತಪ್ಪಿಸಿಕೊಂಡವನಿಗೆ ತನ್ನ ಕತ್ತರಿ ದೊರೆಯಲಿಲ್ಲ. ಪೋಷಣೆಯ ಜೊತೆಗೆ ಕೆಲಸವನ್ನು ನೋಡಿ, ಪ್ರಶ್ನಿಸಿ, ಆಯ್ಕೆಗೆ ನೆರವಾಗುವ ಒಡನಾಟವೂ ಬೇಕು ಎಂಬುದು ಇಲ್ಲಿಂದ ತಿಳಿಯುತ್ತದೆ. ಫ್ರಾಂಕ್‌ಗೆ ವಾಕರ್ ಇವಾನ್ಸ್‌ನ ಸಲಹೆ ಇತ್ತು, ಡೆಲ್ಪೀರ್‌ನ ವಿಶ್ವಾಸವಿತ್ತು.

ಸ್ಮಿತ್ 1978ರಲ್ಲಿ ನಿಧನನಾದ ಬಳಿಕ ಅವನ ಹೆಸರಿನಲ್ಲಿ ಸ್ಮಾರಕ ನಿಧಿ ಸ್ಥಾಪನೆಯಾಯಿತು. 1980ರಲ್ಲಿ ಅದರ ಮೊದಲ ಅನುದಾನ, ಅಂಧರ ಬದುಕನ್ನು ಚಿತ್ರಿಸುತ್ತಿದ್ದ ಜೇನ್ ಎವೆಲಿನ್ ಆಟ್‌ವುಡ್ ಅವರಿಗೆ ಸಂದಿತು. ಸ್ವಂತ ಯೋಜನೆಯನ್ನು ಮುಗಿಸಲಾರದೆ ಬಳಲಿದವನ ಹೆಸರಿನಲ್ಲಿ ಇತರರ ಯೋಜನೆಗಳಿಗೆ ಕಾಲ ಒದಗಿಸುವ ಈ ನಿಧಿ ಅರ್ಥಪೂರ್ಣವಾದುದು.

3. ಗೋಡೆಯಿಂದ ಇಳಿದ ಚಿತ್ರ

ಸ್ಮಿತ್‌ನ ಕೊನೆಯ ದೊಡ್ಡ ಕೆಲಸ ಜಪಾನಿನ ಮಿನಮಾಟಾದ್ದು. ಚಿಸ್ಸೊ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸದ ತ್ಯಾಜ್ಯ ಮೀನಿನ ಮೂಲಕ ಜನರ ದೇಹ ಸೇರಿ ನರಮಂಡಲವನ್ನು ಹಾಳುಗೆಡವಿತ್ತು. 1956ರಲ್ಲಿ ಅಧಿಕೃತವಾಗಿ ಗುರುತಿಸಲ್ಪಟ್ಟ ಈ ಕಾಯಿಲೆ ಗರ್ಭಸ್ಥ ಶಿಶುಗಳನ್ನೂ ಬಿಟ್ಟಿರಲಿಲ್ಲ. ಸ್ಮಿತ್ ಮತ್ತು ಆತನ ಪತ್ನಿ ಐಲೀನ್ ಮಿಯೋಕೋ ಸ್ಮಿತ್ 1971ರಿಂದ 1974ರವರೆಗೆ ಅಲ್ಲಿಯೇ ಬಾಡಿಗೆ ಮನೆ ಹಿಡಿದು ವಾಸಿಸಿದರು. 1972ರ ಜನವರಿಯಲ್ಲಿ ಸಂತ್ರಸ್ತರ ಜೊತೆ ಕಂಪನಿಯ ಇನ್ನೊಂದು ಕಾರ್ಖಾನೆಗೆ ಹೋದಾಗ ನಡೆದ ಹಲ್ಲೆಯಲ್ಲಿ ಸ್ಮಿತ್‌ಗೆ ತೀವ್ರ ಪೆಟ್ಟಾಯಿತು. ಇಬ್ಬರ ಹೆಸರಿನಲ್ಲೂ ಪುಸ್ತಕ ಬಂದದ್ದು 1975ರಲ್ಲಿ.

ಈ ಸರಣಿಯ ಒಂದು ಚಿತ್ರ, ಹುಟ್ಟಿನಿಂದಲೇ ರೋಗಪೀಡಿತಳಾದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ತೋಳುಗಳಲ್ಲಿ ಎತ್ತಿ ಹಿಡಿದಿರುವ ಚಿತ್ರ, ಜಗತ್ತಿನಾದ್ಯಂತ ಮಾಲಿನ್ಯ ವಿರೋಧಿ ಹೋರಾಟದ ಸಂಕೇತವಾಯಿತು. 1971ರಲ್ಲಿ ತೆಗೆದ ಆ ಚಿತ್ರಕ್ಕೆ ತಾಯಿಯ ಪೂರ್ಣ ಸಮ್ಮತಿ ಇತ್ತು. ಮಗಳ ಅವಸ್ಥೆಯನ್ನು ಲೋಕ ನೋಡಲಿ ಎಂದು ಆಕೆಯೇ ಬಯಸಿದ್ದಳು. ಮಗಳು 1977ರಲ್ಲಿ ತೀರಿಕೊಂಡಳು. ಚಿತ್ರ ಮಾತ್ರ ಪುಸ್ತಕಗಳಲ್ಲಿ, ಭಿತ್ತಿಪತ್ರಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಸುತ್ತುತ್ತಲೇ ಇತ್ತು. ಇಪ್ಪತ್ತು ವರ್ಷಗಳ ತರುವಾಯ, ಮಗಳಿಗೆ ಇನ್ನಾದರೂ ವಿಶ್ರಾಂತಿ ದೊರೆಯಲಿ ಎಂಬುದು ತಂದೆತಾಯಿಗಳ ಇಚ್ಛೆಯೆಂದು ಐಲೀನ್ ಅವರಿಗೆ ತಿಳಿದುಬಂತು. ಹಕ್ಕುಸ್ವಾಮ್ಯ ಹೊಂದಿದ್ದ ಅವರು 1998ರಲ್ಲಿ ಆ ಚಿತ್ರದ ಬಳಕೆಯ ತೀರ್ಮಾನವನ್ನು ತಂದೆತಾಯಿಗಳಿಗೆ ಒಪ್ಪಿಸಿ, ಹೊಸ ಪ್ರಕಟಣೆಗೆ ಅನುಮತಿ ನೀಡುವುದನ್ನು ನಿಲ್ಲಿಸಿದರು.

ಈ ತೀರ್ಮಾನವನ್ನು ಎಲ್ಲರೂ ಒಪ್ಪಲಿಲ್ಲ. ಇಂತಹ ಸಾಕ್ಷ್ಯ ಮನುಕುಲಕ್ಕೆ ಸೇರಿದ್ದು, ಅದನ್ನು ಮರೆಮಾಡಿದರೆ ಅಪರಾಧವನ್ನೇ ಮರೆಮಾಡಿದಂತೆ ಎಂಬ ವಾದ ಎದ್ದಿತು. 2020ರ ‘ಮಿನಮಾಟಾ’ ಚಲನಚಿತ್ರ ಆ ದೃಶ್ಯವನ್ನು ಪುನಃ ಸೃಷ್ಟಿಸಿದಾಗ ಚರ್ಚೆಗೆ ಮತ್ತೆ ಜೀವ ಬಂತು. ವಾದದಲ್ಲಿ ತಥ್ಯವಿಲ್ಲದಿಲ್ಲ. ಆದರೆ ‘ಮನುಕುಲ’ದ ಹೆಸರಿನಲ್ಲಿ ಮಾತಾಡುವವರು ಚಿತ್ರದಿಂದ ದೂರವಿರುವವರು, ಮಗಳನ್ನು ನೀರಿನಿಂದ ಎತ್ತಿ ಹಿಡಿದವಳು ಒಬ್ಬಳೇ ಎಂಬುದನ್ನು ಮರೆಯುವಂತಿಲ್ಲ. ಒಮ್ಮೆ ಕೊಟ್ಟ ಸಮ್ಮತಿ ಎಂದೆಂದಿಗೂ ಕೊಟ್ಟ ಸಮ್ಮತಿಯಲ್ಲ. ಹೋರಾಟದ ದಿನಗಳಲ್ಲಿ ಬೇಕಾಗಿದ್ದ ಚಿತ್ರ ಶೋಕದ ದಿನಗಳಲ್ಲಿ ಹೊರೆಯಾಗಬಹುದು. ಪ್ರದರ್ಶನಕ್ಕೆ ಆರಂಭವಿರುವಂತೆ ಮುಕ್ತಾಯವೂ ಇರಬಹುದು, ಆ ಮುಕ್ತಾಯದ ಹಕ್ಕು ಚಿತ್ರದಲ್ಲಿರುವವರ ಕಡೆಗೂ ಇರಬಹುದು ಎಂಬ ವಿಚಾರವನ್ನು ಈ ಪ್ರಸಂಗ ಮುಂದಿಟ್ಟಿದೆ.

4. ಭಾರತದ ಸಂದರ್ಭ

ಭಾರತದಲ್ಲಿ ಸ್ವಪ್ರೇರಿತ ಕೆಲಸ ಬಹುಕಾಲ ಬದುಕಿದ್ದು ಬೇರೊಂದು ದುಡಿಮೆಯ ನೆರಳಿನಲ್ಲಿ. 1943ರ ಬಂಗಾಳ ಕ್ಷಾಮವನ್ನು ಸುನಿಲ್ ಜಾನಾ ಚಿತ್ರಿಸಿದ್ದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಾಗಿ; ಅವರ ಬುಡಕಟ್ಟು ಸಮುದಾಯಗಳ ಚಿತ್ರಗಳು ಆ ನೆರಳಿನಿಂದಾಚೆಗೂ ಬೆಳೆದವು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರದು ಇಂಥದೇ ದಾರಿ. ಪತ್ರಿಕೆಗಳಿಗೆ, ‘ಲೈಫ್’ನಂತಹ ವಿದೇಶಿ ನಿಯತಕಾಲಿಕಗಳಿಗೆ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್‌ಗೆ ದುಡಿಯುತ್ತಲೇ ಅವರು ಸಾಮಾನ್ಯರ ದಿನನಿತ್ಯದ ಬದುಕನ್ನು, ಅದರಲ್ಲೂ ಮಕ್ಕಳನ್ನು, ತಮ್ಮ ಸ್ವಂತ ಒಲವಿನಿಂದ ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಭಾರತದ ಮಕ್ಕಳನ್ನು ಕುರಿತ ಅವರ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಛೇರಿಯಲ್ಲಿ ನಡೆಯಿತು. ಸಂಸ್ಥೆಯ ಕೆಲಸ ಮತ್ತು ಸ್ವಂತ ಕೆಲಸ ಒಂದೇ ಪ್ರಯಾಣದಲ್ಲಿ ಸಾಗಬಲ್ಲವು ಎಂಬುದಕ್ಕೆ ಸತ್ಯನ್ ಸಾಕ್ಷಿ. ಆದರೆ ಈ ಮಾರ್ಗ ಪೋಷಕರ ವ್ಯವಸ್ಥೆಯಿಂದ ಹುಟ್ಟಿದ್ದಲ್ಲ. ಅದು ವ್ಯಕ್ತಿಯ ಜಾಣ್ಮೆ ಮತ್ತು ತಾಳ್ಮೆಯಿಂದ ಆದದ್ದು.

ಮುಂಬಯಿಯ ಸುಧಾರಕ್ ಓಲ್ವೆ ಪತ್ರಿಕಾ ಛಾಯಾಗ್ರಾಹಕರಾಗಿದ್ದುಕೊಂಡೇ ನಗರಪಾಲಿಕೆಯ ಪೌರಕಾರ್ಮಿಕರ ಬದುಕನ್ನು ವರ್ಷಗಳ ಕಾಲ ದಾಖಲಿಸಿದರು. ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದ, ‘ಕಾಪ್ ಶಿವ’ ಎಂಬ ಹೆಸರಿನಿಂದ ಪರಿಚಿತರಾದ ಛಾಯಾಗ್ರಾಹಕರು ಮೈಗೆ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧಿವೇಷದಲ್ಲಿ ಊರೂರು ನಡೆಯುವ ಗ್ರಾಮೀಣ ಶಿಕ್ಷಕರೊಬ್ಬರನ್ನು ಬಹುಕಾಲ ಹಿಂಬಾಲಿಸಿ ‘ಬೀಯಿಂಗ್ ಗಾಂಧಿ’ ಎಂಬ ಸರಣಿ ರೂಪಿಸಿದರು. ಅವರಿಗೆ ಒಡನಾಟ ದೊರೆತದ್ದು ಬೆಂಗಳೂರಿನ ಶಾಂತಿ ರಸ್ತೆಯ ‘ವನ್ ಶಾಂತಿರೋಡ್’ ಎಂಬ ಕಲಾವಿದರ ತಾಣದಲ್ಲಿ. ಕಾಲ ಸಿಕ್ಕಿದ್ದು ಸರ್ಕಾರಿ ನೌಕರಿಯ ಬಿಡುವಿನಲ್ಲಿ.

ತಮಿಳುನಾಡಿನ ಎಂ. ಪಳನಿ ಕುಮಾರ್ ಅವರ ಕಥೆ ಪೋಷಣೆಯ ಅರ್ಥವನ್ನು ಇನ್ನಷ್ಟು ವಿಸ್ತರಿಸುತ್ತದೆ. ಮೀನು ಮಾರುವ ತಾಯಿ ಸಾಲ ಮಾಡಿ ಕೊಟ್ಟ ನೆರವಿನಿಂದ ಅವರು ಕ್ಯಾಮೆರಾ ಹಿಡಿದರು. ಮಲ ಹೊರುವ ಕೆಲಸದಲ್ಲಿ ಸತ್ತವರ ಕುಟುಂಬಗಳನ್ನು, ಕೂಲಿ ಹೆಂಗಸರನ್ನು ಚಿತ್ರಿಸುತ್ತ ಬಂದರು. 2022ರಲ್ಲಿ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಪಡೆದ ದಯನಿತಾ ಸಿಂಗ್ ಆ ಹಣದ ಒಂದು ಭಾಗದಿಂದ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ (ಪರಿ) ಸಂಸ್ಥೆಯ ಜೊತೆಗೂಡಿ ಸ್ಥಾಪಿಸಿದ ಸಾಕ್ಷ್ಯ ಛಾಯಾಗ್ರಹಣ ಪ್ರಶಸ್ತಿಯ ಮೊದಲ ಪುರಸ್ಕೃತರು ಇವರೇ. ಹಿರಿಯ ಛಾಯಾಗ್ರಾಹಕಿಯೊಬ್ಬಳಿಗೆ ದೊರೆತ ಮನ್ನಣೆ ಕಿರಿಯನೊಬ್ಬನ ಕಾಲವಾಗಿ ಮಾರ್ಪಟ್ಟದ್ದು ಒಳ್ಳೆಯ ಮಾದರಿ. ಆದರೂ ಆ ಯೋಜನೆಯ ಮೊದಲ ಪೋಷಕಿ ಯಾವ ಪ್ರತಿಷ್ಠಾನವೂ ಅಲ್ಲ, ಸಾಲ ಮಾಡಿದ ತಾಯಿ ಎಂಬುದು ಸಂಸ್ಥೆಗಳ ಇತಿಹಾಸದಲ್ಲಿ ಮರೆಯಾಗಬಾರದು.

ದಯನಿತಾ ಸಿಂಗ್ ಅವರ ಸ್ವಂತ ಕೆಲಸವೂ ಇಲ್ಲಿ ಉಲ್ಲೇಖನೀಯ. 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕಾಗಿ ದೆಹಲಿಯ ಹಿಜಡಾ ಸಮುದಾಯವನ್ನು ಚಿತ್ರಿಸಲು ಹೋದಾಗ ಅವರಿಗೆ ಮೋನಾ ಅಹ್ಮದ್ ಪರಿಚಯವಾಯಿತು. ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗುತ್ತವೆಂದು ತಿಳಿದಾಗ, ಅಲ್ಲಿ ತನ್ನ ಸಂಬಂಧಿಕರಿದ್ದಾರೆಂಬ ಕಾರಣದಿಂದ ಮೋನಾ ಫಿಲ್ಮನ್ನು ಹಿಂದಿರುಗಿಸಬೇಕೆಂದು ಕೇಳಿದಳು. ದಯನಿತಾ ಕೊಟ್ಟುಬಿಟ್ಟರು. ಪತ್ರಿಕೆಯ ಕೆಲಸ ಅಲ್ಲಿಗೆ ಮುಗಿಯಿತು. ಸ್ವಂತ ಕೆಲಸ ಅಲ್ಲಿಂದ ಆರಂಭವಾಯಿತು. ಹನ್ನೆರಡು ವರ್ಷಗಳ ಬಳಿಕ, 2001ರಲ್ಲಿ, ‘ಮೈಸೆಲ್ಫ್ ಮೋನಾ ಅಹ್ಮದ್’ ಪುಸ್ತಕ ಬಂದಾಗ ಅದರಲ್ಲಿ ಚಿತ್ರಗಳ ಜೊತೆಗಿದ್ದದ್ದು ಮೋನಾಳದೇ ಮಾತು. ಚಿತ್ರವನ್ನು ಬಿಟ್ಟುಕೊಟ್ಟದ್ದರಿಂದಲೇ ಚಿತ್ರ ತೆಗೆಯುವ ಅರ್ಹತೆ ದೊರೆಯಿತು ಎಂಬುದು ಇದರ ತಾತ್ಪರ್ಯ. ಯಾವ ಪೋಷಣೆಯ ಅರ್ಜಿಯಲ್ಲೂ ಇಂತಹ ಬಿಟ್ಟುಕೊಡುವಿಕೆಗೆ ಕಾಲಂ ಇರುವುದಿಲ್ಲ.

5. ಪ್ರದರ್ಶನದ ತಾಣಗಳು

ಪ್ರದರ್ಶನವೆಂದರೆ ಚಿತ್ರಗಳನ್ನು ಚೌಕಟ್ಟಿನಲ್ಲಿಟ್ಟು ತೂಗುಹಾಕುವುದು ಮಾತ್ರವಲ್ಲ. ಯಾವ ಚಿತ್ರದ ಪಕ್ಕದಲ್ಲಿ ಯಾವುದು, ಎಷ್ಟು ದೊಡ್ಡದು, ಅಡಿಬರಹ ಏನು ಎಂಬ ಪ್ರತಿಯೊಂದು ತೀರ್ಮಾನವೂ ಅರ್ಥವನ್ನು ಬದಲಾಯಿಸುತ್ತದೆ. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಎಡ್ವರ್ಡ್ ಸ್ಟೈಕನ್ ಸಂಯೋಜಿಸಿದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನದಲ್ಲಿ 68 ದೇಶಗಳ 503 ಚಿತ್ರಗಳಿದ್ದವು. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಸಂಚರಿಸಿದ ಆ ಪ್ರದರ್ಶನ ಹುಟ್ಟು, ದುಡಿಮೆ, ಸಾವು ಎಂಬ ಸಾಮಾನ್ಯ ಶೀರ್ಷಿಕೆಗಳಡಿ ಎಲ್ಲರನ್ನೂ ಒಂದೇ ಕುಟುಂಬವಾಗಿಸಿತು. ಹೀಗೆ ಮಾಡುವಾಗ ಹುಟ್ಟು-ಸಾವುಗಳ ಹಿಂದಿನ ಇತಿಹಾಸವನ್ನೂ ಅನ್ಯಾಯವನ್ನೂ ಅಳಿಸಲಾಯಿತೆಂದು ರೋಲಾಂ ಬಾರ್ತ್ ಆಕ್ಷೇಪಿಸಿದ. ಒಬ್ಬರು ವರ್ಷಗಳ ಕಾಲ ಕಟ್ಟಿದ ಸರಣಿಯಿಂದ ಒಂದೇ ಚಿತ್ರವನ್ನು ಬೇರ್ಪಡಿಸಿದಾಗ ಅದರ ಸಾಕ್ಷ್ಯಗುಣ ಸಡಿಲವಾಗಿ ಅಲಂಕಾರಗುಣ ಹೆಚ್ಚುತ್ತದೆ ಎಂಬುದು ಇದರಿಂದ ತಿಳಿಯುವ ಪಾಠ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಪಿ. ಸಾಯಿನಾಥ್ ಅವರ ‘ಕಾಣುವ ದುಡಿಮೆ, ಕಾಣದ ಹೆಂಗಸರು’ ಎಂದು ಅನುವಾದಿಸಬಹುದಾದ ಪ್ರದರ್ಶನ. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಈ ಚಿತ್ರಗಳನ್ನು ಬರಹದ ಫಲಕಗಳ ಸಮೇತ ಬಸ್ ನಿಲ್ದಾಣ, ಕಾರ್ಖಾನೆ, ಸಂತೆ, ಊರ ಚೌಕಗಳಲ್ಲಿ ತೋರಿಸಲಾಯಿತು. ಲಕ್ಷಾಂತರ ಜನ ನೋಡಿದರು. ಇಟ್ಟಿಗೆ ಹೊರುವ, ನಾಟಿ ಹಾಕುವ ಹೆಂಗಸು ತನ್ನಂತಹವರನ್ನೇ ಗೋಡೆಯ ಮೇಲೆ ಕಾಣುವಾಗ ಚಿತ್ರದ ತಪ್ಪುಒಪ್ಪುಗಳನ್ನು ಹೇಳಬಲ್ಲ ವಿಮರ್ಶಕಿ ಅವಳೇ ಆಗುತ್ತಾಳೆ. ಗ್ಯಾಲರಿಯ ಪ್ರೇಕ್ಷಕರು ‘ಬೆಳಕು ಚೆನ್ನಾಗಿದೆ’ ಎನ್ನಬಹುದು. ಸಸಿ ಹಿಡಿದ ಕ್ರಮ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಗದ್ದೆಯವರು ಮಾತ್ರ.

ದಕ್ಷಿಣ ಏಷ್ಯಾದ ನೆರೆ ದೇಶಗಳಲ್ಲೂ ಇಂತಹ ಪ್ರಯತ್ನಗಳಾಗಿವೆ. ಶಹೀದುಲ್ ಆಲಂ 1989ರಲ್ಲಿ ಢಾಕಾದಲ್ಲಿ ಸ್ಥಾಪಿಸಿದ ‘ದೃಕ್’ ಸಂಸ್ಥೆಯಿಂದ 1998ರಲ್ಲಿ ‘ಪಾಠಶಾಲಾ’ ಎಂಬ ಛಾಯಾಗ್ರಹಣ ಶಾಲೆ, 2000ದಲ್ಲಿ ‘ಛಬಿ ಮೇಳ’ ಎಂಬ ಉತ್ಸವ ಬೆಳೆದವು. ಮೇಳದ ಚಿತ್ರಗಳು ಸೈಕಲ್ ರಿಕ್ಷಾ ಗಾಡಿಗಳನ್ನೇರಿ ಬೀದಿಗಳಿಗೂ ಹೋದವು. ವಿಚಾರಣೆಯಿಲ್ಲದ ಹತ್ಯೆಗಳನ್ನು ಕುರಿತ ಆಲಂ ಅವರ ‘ಕ್ರಾಸ್‌ಫೈರ್’ ಪ್ರದರ್ಶನವನ್ನು 2010ರ ಮಾರ್ಚ್‌ನಲ್ಲಿ ಪೊಲೀಸರು ತಡೆದಾಗ, ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಗ್ಯಾಲರಿಯ ಹೊರಗೆ ರಸ್ತೆಯಲ್ಲಿಯೇ ಅದನ್ನು ಉದ್ಘಾಟಿಸಿದರು. ಆ ಪ್ರದರ್ಶನದಲ್ಲಿ ಶವಗಳ ಚಿತ್ರಗಳಿರಲಿಲ್ಲ. ಘಟನೆಗಳನ್ನು ಸೂಚಿಸುವ ಸ್ಥಳಗಳು ಮತ್ತು ವಸ್ತುಗಳಷ್ಟೇ ಇದ್ದವು. ಅಷ್ಟಕ್ಕೇ ಪ್ರಭುತ್ವ ಬೆದರಿತೆಂಬುದು ಸಾಕ್ಷ್ಯದ ಬಲವನ್ನು ತೋರಿಸುತ್ತದೆ. ನೇಪಾಳದಲ್ಲಿ 2015ರ ಏಪ್ರಿಲ್ ಭೂಕಂಪ ಸಂಭವಿಸಿ ಕೆಲವೇ ತಿಂಗಳಾಗಿದ್ದಾಗ, ನವೆಂಬರ್‌ನಲ್ಲಿ, ‘ಫೋಟೋ ಕಾಠ್ಮಂಡು’ ಉತ್ಸವದ ಮೊದಲ ಆವೃತ್ತಿ ಪಾಟನ್ ನಗರದ ಓಣಿಗಳಲ್ಲೂ ಚೌಕಗಳಲ್ಲೂ ನಡೆಯಿತು. ಮನೆಯಂಗಳವೇ ಪ್ರದರ್ಶನಾಲಯವಾದಾಗ ಚಿತ್ರ ನೋಡಲು ಯಾರೂ ಟಿಕೆಟ್ ಕೊಳ್ಳಬೇಕಿಲ್ಲ, ಯಾರೂ ಹಿಂಜರಿಯಬೇಕಿಲ್ಲ.

ಗ್ಯಾಲರಿ ವ್ಯರ್ಥವೆಂದು ಇದರ ಅರ್ಥವಲ್ಲ. ಚಿತ್ರಗಳು ಬಿಸಿಲು ಮಳೆಗೆ ಹಾಳಾಗುತ್ತವೆ. ಅವುಗಳನ್ನು ಶತಮಾನಗಳ ಕಾಲ ಕಾಪಾಡಲು ತಂಪಾದ, ಒಣಗಿದ ಕೊಠಡಿಗಳೂ ತಜ್ಞರೂ ಬೇಕು. ಬೆಂಗಳೂರಿನಲ್ಲಿ 2023ರಲ್ಲಿ ಸ್ವಂತ ಕಟ್ಟಡದಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಂತಹ ಸಂಸ್ಥೆಗಳ ಮಹತ್ವ ಇರುವುದು ಇಲ್ಲಿ. ಬೀದಿ ಚಿತ್ರವನ್ನು ಜನರಿಗೆ ತಲುಪಿಸುತ್ತದೆ, ಸಂಗ್ರಹಾಲಯ ಅದನ್ನು ಮುಂದಿನವರಿಗೆ ಉಳಿಸುತ್ತದೆ. ಒಂದು ಇನ್ನೊಂದರ ಬದಲಿಯಲ್ಲ.

6. ಕನ್ನಡ ವಿಭಾಗಗಳ ಪಾಲು

ಈ ಚರ್ಚೆಗೂ ಕನ್ನಡ ಅಧ್ಯಯನಕ್ಕೂ ಇರುವ ಸಂಬಂಧವನ್ನು ಜಾನಪದ ಕ್ಷೇತ್ರಕಾರ್ಯದಲ್ಲಿ ಕಾಣಬಹುದು. ಹಾಡನ್ನು ಸಂಗ್ರಹಿಸುವಾಗ ವಕ್ತೃವಿನ ಹೆಸರು, ಊರು, ವಯಸ್ಸು, ಕಸುಬು, ಹಾಡು ಕಲಿತ ಬಗೆ ಇವನ್ನು ದಾಖಲಿಸಬೇಕೆಂಬ ಶಿಸ್ತು ಕನ್ನಡದಲ್ಲಿ ನೆಲೆಯೂರಿದೆ. ‘ಜನಪದರು ಹಾಡಿದ್ದು’ ಎಂಬ ಹೆಸರಿಲ್ಲದ ಮಾತಿನಿಂದ ‘ಇಂಥವರು ಹಾಡಿದ್ದು’ ಎಂಬ ಮಾತಿನವರೆಗೆ ಬಂದದ್ದು ಸಣ್ಣ ಸಾಧನೆಯಲ್ಲ. ಅದೇ ಕ್ಷೇತ್ರಕಾರ್ಯದಲ್ಲಿ ತೆಗೆದ ಛಾಯಾಚಿತ್ರಕ್ಕೆ ಈ ಶಿಸ್ತು ಅನ್ವಯವಾಗದೆ, ‘ಜಾತ್ರೆಯ ಒಂದು ದೃಶ್ಯ’, ‘ಸೋಬಾನೆ ಹಾಡುತ್ತಿರುವ ಮಹಿಳೆ’ ಎಂಬ ಅಡಿಬರಹಕ್ಕೆ ತೃಪ್ತಿಪಟ್ಟುಕೊಂಡರೆ ಅದು ‘ವಲಸೆ ತಾಯಿ’ಯ ಕಡತಕ್ಕಿಂತ ಭಿನ್ನವಾಗುವುದಿಲ್ಲ.

ವಿಭಾಗಗಳು ಮಾಡಬಹುದಾದ ಕೆಲಸಗಳು ಸಾಕಷ್ಟಿವೆ. ಅವಕ್ಕೆ ದೊಡ್ಡ ಮೊತ್ತವೇನೂ ಬೇಕಿಲ್ಲ. ಸಂಶೋಧನಾರ್ಥಿಯ ಕ್ಷೇತ್ರಕಾರ್ಯದ ವೆಚ್ಚದಲ್ಲಿ ಒಬ್ಬ ಛಾಯಾಗ್ರಾಹಕನ ಪ್ರಯಾಣವನ್ನೂ ಸೇರಿಸಬಹುದು. ಒಂದೇ ದಿನದ ಭೇಟಿಗೆ ಬದಲು ಋತುಮಾನಗಳ ಭೇಟಿಗೆ ಅವಕಾಶ ನೀಡಬಹುದು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆ ಮತ್ತು ಸಂಶೋಧನೆಗೆ ಅನುದಾನ ನೀಡುತ್ತ ಬಂದಿದೆ. ಅಂತಹ ಸಂಸ್ಥೆಗಳಿಗೆ ಅರ್ಜಿ ಬರೆಯುವಲ್ಲಿ ಭಾಷಾ ವಿಭಾಗಗಳು ಛಾಯಾಗ್ರಾಹಕರಿಗೆ ನೆರವಾಗಬಹುದು. ಪ್ರತಿ ಚಿತ್ರಕ್ಕೂ ವ್ಯಕ್ತಿಯ ಒಪ್ಪಿಗೆ ಇದ್ದಲ್ಲಿ ಅವರ ಹೆಸರು, ಊರು, ದಿನಾಂಕ, ಚಿತ್ರ ತೆಗೆದವರ ಹೆಸರು, ಬಳಕೆಗೆ ಕೊಟ್ಟ ಸಮ್ಮತಿಯ ಮಿತಿ ಇವನ್ನು ವಕ್ತೃ ಪತ್ರದಂತೆಯೇ ಬರೆದಿಡಬೇಕು. ಸಮ್ಮತಿಯನ್ನು ಹಿಂತೆಗೆದುಕೊಳ್ಳಲು ಯಾರನ್ನು ಕಾಣಬೇಕೆಂಬುದನ್ನೂ ಆ ಕುಟುಂಬಕ್ಕೆ ತಿಳಿಸಬೇಕು. ಒಂದು ಪ್ರಿಂಟು ಆ ಮನೆಗೆ ಮರಳಬೇಕು. ಡಿಜಿಟಲ್ ಚಿತ್ರಗಳು ಒಬ್ಬರ ಹಾರ್ಡ್‌ಡಿಸ್ಕಿನೊಡನೆ ನಾಶವಾಗದಂತೆ ಎರಡು ಕಡೆ ಪ್ರತಿ ಇಡಬೇಕು.

ಅಡಿಬರಹದ ಭಾಷೆಯ ಪ್ರಶ್ನೆ ನೇರವಾಗಿ ಕನ್ನಡದ್ದು. ಕರ್ನಾಟಕದ ಊರೊಂದರ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ಮಾತ್ರ ಅಡಿಬರಹವಿದ್ದರೆ ಆ ಊರಿನವರು ತಮ್ಮದೇ ಚಿತ್ರದ ಮುಂದೆ ಅನಕ್ಷರಸ್ಥರಾಗುತ್ತಾರೆ. ಕನ್ನಡದಲ್ಲಿ ಬರೆದರೂ ಅದು ಆಯಾ ಕಸುಬಿನ, ಆಯಾ ಸೀಮೆಯ ಮಾತನ್ನು ಬಲ್ಲ ಕನ್ನಡವಾಗಿರಬೇಕು. ಕುಂಬಾರನ ತಿಗರಿಯನ್ನು ‘ಚಕ್ರ’ವೆಂದು ಬರೆದರೆ ಚಿತ್ರ ಒಂದು ಹೇಳುತ್ತದೆ, ಬರಹ ಇನ್ನೊಂದು ಹೇಳುತ್ತದೆ. ವೃತ್ತಿಪದಗಳನ್ನೂ ಉಪಭಾಷೆಗಳನ್ನೂ ಬಲ್ಲ ಅಧ್ಯಾಪಕರು ಮಾಡಬಹುದಾದ ಈ ಕೆಲಸವನ್ನು ಗ್ಯಾಲರಿಯ ಸಂಯೋಜಕರು ಅಷ್ಟು ಸಮರ್ಥವಾಗಿ ಮಾಡಲಾರರು.

ಮೇಲಿನ ನಿದರ್ಶನಗಳಲ್ಲಿ ಎರಡು ಘಟನೆಗಳು ಇಡೀ ಚರ್ಚೆಗೆ ಅಳತೆಗೋಲಾಗಬಲ್ಲವು. ದೆಹಲಿಯಲ್ಲಿ ಒಬ್ಬಳು ಕೇಳಿದಳೆಂದು ಫಿಲ್ಮ್ ಹಿಂದಿರುಗಿತು; ಜಪಾನಿನಲ್ಲಿ ತಂದೆತಾಯಿಗಳ ಇಚ್ಛೆಗಾಗಿ ಲೋಕಪ್ರಸಿದ್ಧ ಚಿತ್ರವೊಂದು ಗೋಡೆಯಿಂದ ಇಳಿಯಿತು. ಎರಡೂ ಕಡೆ ಛಾಯಾಗ್ರಾಹಕರ ಪಾಲಿಗೆ ನಷ್ಟವೇ ಆಯಿತು. ಎರಡೂ ಕಡೆ ಚಿತ್ರದಲ್ಲಿರುವವರು ಬರಿಯ ವಸ್ತುವಾಗದೆ ಪಾಲುದಾರರಾದರು. ಸ್ವಪ್ರೇರಿತ ಸಾಕ್ಷ್ಯ ಛಾಯಾಗ್ರಹಣಕ್ಕೆ ಹಣ, ಸ್ಥಳ ಒದಗಿಸುವ ಯಾವುದೇ ಸಂಸ್ಥೆ ಇಂತಹ ನಷ್ಟಕ್ಕೂ ತನ್ನ ಲೆಕ್ಕದಲ್ಲಿ ಜಾಗ ಇಟ್ಟುಕೊಂಡಾಗ ಮಾತ್ರ ಅದರ ಪೋಷಣೆ ಚಿತ್ರಕ್ಕಷ್ಟೇ ಅಲ್ಲದೆ ಚಿತ್ರದೊಳಗಿನ ಬದುಕಿಗೂ ಸಲ್ಲುತ್ತದೆ.